ಕೀವು, ಮೀನು, ಮುಳ್ಳು

ಜೂನ್ 11, 2024

ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿನ ಮೇಲೆ ಕಟ್ಟುವ ಹಳದಿ ಪದರ ಇದೆಯಲ್ಲ, ಅದನ್ನು ಫೋರ್ಸೆಪ್ಸ್‌ನಲ್ಲಿ ಹಿಡಿದೆತ್ತಿದರೆ ಸುಲಭಕ್ಕೆ ಹರಿಯುವುದಿಲ್ಲ. ಎಳೆ ಎಳೆಯಾಗಿ ಜಗ್ಗುತ್ತದೆ. ಗ್ಲೌಸಿಗೆ ಅಂಟಿದರೆ ಒರೆಸಿದರೂ ಹೋಗದು. ಡ್ರೆಸಿಂಗ್ ರೂಮಿನಲ್ಲಿ ನಾವು ಅದನ್ನು ಸ್ಲಫ್ ಅನ್ನುತ್ತೇವೆ. ಸತ್ತ ಮಾಂಸ, ಫೈಬ್ರಿನ್, ಕೀವು ಎಲ್ಲ ಸೇರಿದ್ದು ಅಂತ ಹುಡುಗರಿಗೆ ಪಾಠ ಹೇಳುತ್ತೇವೆ. ರಾತ್ರಿ ಫೋನಿನಲ್ಲಿ ಅಣ್ಣನ ಮಗಳು ಆ ಪಟ್ಟಿಗೆ ಇನ್ನೊಂದನ್ನು ಸೇರಿಸಿದಳು. “ಅದು ಹಂಗ ಜಗ್ಗೋದು ಡಿಎನ್‌ಎದಿಂದ, ಕಾಕಾ.” ಅವಳು ಬೆಂಗಳೂರಿನ ಲ್ಯಾಬೊಂದರಲ್ಲಿ ಡಿಎನ್‌ಎ ಎಳೆಗಳಿಂದ ನ್ಯಾನೋ ಅಳತೆಯ ಆಕೃತಿಗಳನ್ನು ಕಟ್ಟುವುದರ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ.

ಅವಳು ಕಳಿಸಿದ್ದನ್ನು ಊಟವಾದ ಮೇಲೆ ಕೂತು ಓದಿದೆ. ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣ ರೋಗಾಣುವನ್ನು ನುಂಗುವುದಷ್ಟೇ ಅಲ್ಲ, ಪ್ರಸಂಗ ಬಿದ್ದರೆ ತನ್ನ ಡಿಎನ್‌ಎಯನ್ನೇ ಬಿಚ್ಚಿ ಹೊರಗೆಸೆದು ಬಲೆ ಬೀಸುತ್ತದೆ ಎಂದು ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2004ರಲ್ಲಿ ತೋರಿಸಿದರು. ರೋಗಾಣು ಅದರಲ್ಲಿ ಸಿಕ್ಕಿ ಸಾಯುತ್ತದೆ. ಆದರೆ ಸಕ್ಕರೆ ಏರಿದ ದೇಹದ ನ್ಯೂಟ್ರೊಫಿಲ್‌ಗಳು ಬಲೆ ಬೀಸಲು ಸದಾ ತುದಿಗಾಲಲ್ಲಿ ನಿಂತಿರುತ್ತವಂತೆ. ಬಲೆ ಹೆಚ್ಚಾದಷ್ಟೂ ಗಾಯ ಮಾಯುವುದು ತಡ. ಇದು 2015ರಲ್ಲಿ ಬಾಸ್ಟನ್ನಿನವರು ಕಂಡದ್ದು. ಡಿಎನ್‌ಎಯನ್ನು ಕತ್ತರಿಸುವ ಡಿಎನ್‌ಏಸ್ ಎಂಬ ಕಿಣ್ವ ಕೊಟ್ಟಾಗ ಅವರ ಇಲಿಗಳ ಗಾಯ ಬೇಗ ಮುಚ್ಚಿತು. ಕೀವನ್ನು ಕಿಣ್ವದಿಂದ ಕರಗಿಸುವ ಉಪಾಯ ಹಳೆಯದೇ. ನ್ಯೂಯಾರ್ಕಿನ ಟಿಲೆಟ್ ಮತ್ತು ಶೆರ್ರಿ 1949ರಲ್ಲಿ ಎದೆಯೊಳಗೆ ಕಟ್ಟಿದ್ದ ಕೀವನ್ನು ನೀರಾಗಿಸಲು ಸ್ಟ್ರೆಪ್ಟೊಕಾಕಸ್‌ನಿಂದ ತೆಗೆದ ಕಿಣ್ವಗಳನ್ನು ಬಳಸಿದ್ದರು. ಅದರಲ್ಲೊಂದು ಡಿಎನ್‌ಎ ಕತ್ತರಿಸುವಂಥದ್ದು. ಇನ್ನು, ಗಾಜ್ ಬಟ್ಟೆಯನ್ನು ಹಸಿರು ಮಾಡಿ ಸಿಹಿ ವಾಸನೆ ಹೊಡೆಯುವ ನಮ್ಮ ನಿತ್ಯದ ಶತ್ರು ಸೂಡೊಮೊನಾಸ್. ಅದು ಗಾಯಕ್ಕೆ ಕಚ್ಚಿಕೊಂಡು ಕಟ್ಟುವ ಬಯೋಫಿಲಂ ಕೂಡ ಹೊರಗೆ ಬಿದ್ದ ಡಿಎನ್‌ಎ ಇಲ್ಲದೆ ನಿಲ್ಲದು ಎಂದು 2002ರಲ್ಲೇ ಗೊತ್ತಾಗಿದೆ.

ಒಟ್ಟಿನಲ್ಲಿ ಗಾಯದಲ್ಲಿ ಡಿಎನ್‌ಎ ಬೇಕಾದಷ್ಟು ಬಿದ್ದಿದೆ, ತೊಂದರೆಯನ್ನೂ ಕೊಡುತ್ತಿದೆ. ಈ ಹುಡುಗಿ ಅದೇ ಗಾಯಕ್ಕೆ ಮತ್ತಷ್ಟು ಡಿಎನ್‌ಎ ಹಾಕಿ ಮಾಯಿಸುತ್ತೇನೆ ಅನ್ನುತ್ತಾಳೆ. ಇದು ಎಲ್ಲಿಯ ಲೆಕ್ಕ ಅಂತ ಕೇಳಿದೆ. “ಬಂದು ನೋಡ್ರಿ” ಅಂದಳು.

ಜೂನ್ 13

ಡಿಎನ್‌ಎ ಮೊದಲು ಸಿಕ್ಕಿದ್ದೇ ಕೀವಿನಲ್ಲಿ! ಎಂಬಿಬಿಎಸ್‌ನಲ್ಲಿ ಯಾರೂ ಇದನ್ನು ಹೇಳಲಿಲ್ಲ. ವಾಟ್ಸನ್, ಕ್ರಿಕ್, 1953, ಅಷ್ಟೇ.

1869. ಜರ್ಮನಿಯ ಟ್ಯೂಬಿಂಗನ್. ಫ್ರೆಡರಿಕ್ ಮೀಷರ್ ಎಂಬ ಸ್ವಿಸ್ ತರುಣ, ವೈದ್ಯ ಪದವಿ ಆಗಿತ್ತು, ಕಿವಿ ಮಂದವಾಗಿದ್ದರಿಂದ ರೋಗಿಗಳನ್ನು ನೋಡುವ ದಾರಿ ಬಿಟ್ಟು ರಸಾಯನಶಾಸ್ತ್ರಕ್ಕೆ ಬಂದವನು. ಅವನ ಗುರು ಹೋಪ್ಪೆ-ಸೈಲರ್ ಅವರ ಪ್ರಯೋಗಾಲಯ ಇದ್ದದ್ದು ಅಲ್ಲಿನ ಕೋಟೆಯಲ್ಲಿ. ಒಂದು ಕಾಲಕ್ಕೆ ಕೋಟೆಯ ಅಡುಗೆಮನೆಯಾಗಿದ್ದ ಕೋಣೆ ಮೀಷರನ ಪಾಲಿಗೆ ಬಂತು. ಬಿಳಿ ರಕ್ತಕಣಗಳಲ್ಲಿ ಏನಿದೆ ನೋಡಬೇಕಿತ್ತು. ಅವು ಧಾರಾಳವಾಗಿ ಸಿಗುವುದು ಎಲ್ಲಿ? ಊರಿನ ಸರ್ಜಿಕಲ್ ಕ್ಲಿನಿಕ್ಕಿನಿಂದ ಕೀವು ಹತ್ತಿದ ಬ್ಯಾಂಡೇಜುಗಳನ್ನು ತರಿಸಿಕೊಂಡ. ಕೊಳೆತು ನಾರುತ್ತಿದ್ದವನ್ನು ಬಿಸಾಕಿ, ಉಳಿದವನ್ನು ಸೋಡಿಯಂ ಸಲ್ಫೇಟ್ ದ್ರಾವಣದಲ್ಲಿ ತೊಳೆದು ಜೀವಕೋಶಗಳನ್ನು ಬೇರ್ಪಡಿಸಿದ. ಹಂದಿಯ ಹೊಟ್ಟೆಯಿಂದ ತೆಗೆದ ಪೆಪ್ಸಿನ್‌ನಿಂದ ಪ್ರೋಟೀನು ಜೀರ್ಣವಾಗಿ ಹೋದ ಮೇಲೂ ಉಳಿದ, ರಂಜಕ ತುಂಬಿದ ಒಂದು ವಸ್ತು ಸಿಕ್ಕಿತು. ನ್ಯೂಕ್ಲಿಯಿನ್ ಎಂದು ಹೆಸರಿಟ್ಟ. 1871ರಲ್ಲಿ ಅಚ್ಚಾಯಿತು.

ಆಸ್ಪತ್ರೆಗಳಲ್ಲಿ ಆಂಟಿಸೆಪ್ಟಿಕ್ ಇನ್ನೂ ಊರೂರಿಗೆ ಮುಟ್ಟದಿದ್ದ ಕಾಲ ಅದು, ಕೀವಿಗೆ ಬರವಿರಲಿಲ್ಲ. ಆಮೇಲೆ ಬಾಸೆಲ್‌ಗೆ ಹೋದ ಮೀಷರ್ ಕೀವು ಬಿಟ್ಟು ರೈನ್ ನದಿಯ ಸಾಲ್ಮನ್ ಮೀನಿನ ವೀರ್ಯ ಹಿಡಿದ. ಬಹುಶಃ ಮನೆಯವರಿಗೂ ಅದೇ ಸಹ್ಯವಾಗಿದ್ದೀತು.

ಜೂನ್ 30, ಬೆಂಗಳೂರು

ಸರ್ಜನ್‌ಗಳ ಸಮ್ಮೇಳನ ಮುಗಿಸಿ ಅವಳ ಲ್ಯಾಬಿಗೆ ಹೋದೆ. ಭಾನುವಾರ, ಜನ ಕಡಿಮೆ.

ಕಿರುಬೆರಳಿನ ಉಗುರಷ್ಟಿರುವ ಪ್ಲಾಸ್ಟಿಕ್ ಟ್ಯೂಬ್‌ಗಳು. ತಳದಲ್ಲಿ ಏನೋ ಇದೆ ಎಂದು ಅವಳು ಹೇಳಿದ್ದಕ್ಕೆ ನಂಬಬೇಕು. ಕಂಪನಿಗೆ ಅಕ್ಷರ ಬರೆದು ಕಳಿಸಿದರೆ ಅದೇ ಕ್ರಮದ ಡಿಎನ್‌ಎ ಎಳೆ ಒಣಪುಡಿಯಾಗಿ ಅಂಚೆಯಲ್ಲಿ ಬರುತ್ತದೆ. ಅಂಥ ನಾಲ್ಕು ಒಂಟಿ ಎಳೆ, ಒಂದೊಂದರಲ್ಲೂ 63 ಅಕ್ಷರ. ಪ್ರತಿ ಎಳೆಯ ಮೂರನೇ ಒಂದು ಭಾಗ ಇನ್ನೊಂದು ಎಳೆಯ ಒಂದು ಭಾಗಕ್ಕೆ ಮಾತ್ರ ಜೋಡಿಯಾಗುವಂತೆ ಬರೆದಿರುತ್ತಾರೆ. ಮೆಗ್ನೀಷಿಯಂ ಇರುವ ಬಫರ್‌ನಲ್ಲಿ ನಾಲ್ಕನ್ನೂ ಸಮನಾಗಿ ಬೆರೆಸಿದಳು. ಮೆಗ್ನೀಷಿಯಂ ಯಾಕೆ? ಡಿಎನ್‌ಎ ಮೈತುಂಬ ಋಣ ವಿದ್ಯುದಂಶ, ಒಂದನ್ನೊಂದು ದೂಡುತ್ತವೆ. ಆ ಜಗಳವನ್ನು ಮೆಗ್ನೀಷಿಯಂ ತಣ್ಣಗಾಗಿಸುತ್ತದೆ. ಪಿಸಿಆರ್ ಯಂತ್ರದಲ್ಲಿಟ್ಟು 95 ಡಿಗ್ರಿಗೆ ಕಾಯಿಸಿ ದಢಕ್ಕನೆ 4 ಡಿಗ್ರಿಗೆ ಇಳಿಸಿದಳು. ಮುಗಿಯಿತು. ನಾಲ್ಕು ಮೂಲೆ, ಆರು ಅಂಚಿನ ಟೆಟ್ರಾಹೆಡ್ರನ್ ತಾನಾಗಿ ಕಟ್ಟಿಕೊಂಡಿದೆ, ಒಂದೊಂದು ಅಂಚು ಸುಮಾರು 7 ನ್ಯಾನೋಮೀಟರ್. ಆಕ್ಸ್‌ಫರ್ಡಿನ ಟರ್ಬರ್‌ಫೀಲ್ಡ್ ತಂಡ 2005ರಲ್ಲಿ ತೋರಿಸಿದ ವಿಧಾನವಿದು.

“ಕಟ್ಟಿಕೊಂಡಿದೆ ಅಂತ ಹೆಂಗ ಗೊತ್ತು?” ಅಂದೆ. ಅದಕ್ಕೆ ಕಾದಿದ್ದಳು. ಜೆಲ್ಲಿನಲ್ಲಿ ಪಕ್ಕಪಕ್ಕದಲ್ಲಿ ನಾಲ್ಕು ಸಾಲು: ಮೊದಲಿನದರಲ್ಲಿ ಒಂದೇ ಎಳೆ, ಆಮೇಲೆ ಎರಡು, ಮೂರು, ನಾಲ್ಕು. ಕರೆಂಟು ಹರಿಸಿದರೆ ಹಗುರವಾದದ್ದು ಕೆಳಗೆ ಓಡುತ್ತದೆ, ದೊಡ್ಡದು ಹಿಂದುಳಿಯುತ್ತದೆ. ಕತ್ತಲ ಪೆಟ್ಟಿಗೆಯ ಬೆಳಕಿನಲ್ಲಿ ಬ್ಯಾಂಡ್‌ಗಳು ಹೊಳೆದವು, ಒಂದಕ್ಕಿಂತ ಒಂದು ಮೇಲೆ. ನಾಲ್ಕನೆಯ ಸಾಲಿನಲ್ಲಿ ಒಂದೇ ಗೆರೆ, ಎಲ್ಲಕ್ಕಿಂತ ಮೇಲೆ, ಅಂಚು ಕತ್ತರಿಸಿದ ಹಾಗೆ. ಅದರ ಕೆಳಗೆ ತುಸು ಮಸುಕು. “ಅದು ಸರಿಯಾಗಿ ಕೂಡದೇ ಉಳಿದದ್ದು,” ಅಂದಳು, ಮುಖ ಸಣ್ಣ ಮಾಡಿ.

ಒಂಟಿ ಡಿಎನ್‌ಎ ಎಳೆ ಜೀವಕೋಶದ ಒಳಗೆ ತಾನಾಗಿ ಹೋಗುವುದಿಲ್ಲ. ಕೋಶದ ಪೊರೆಯೂ ಋಣ, ಇದೂ ಋಣ. ಅದೇ ಎಳೆಗಳು ಟೆಟ್ರಾಹೆಡ್ರನ್ ಆದರೆ ಯಾವ ವಾಹಕದ ಸಹಾಯವಿಲ್ಲದೆ ಒಳಗೆ ಹೋಗುತ್ತವೆ. ಮೂಲೆ ಮುಂದಾಗಿ ಪೊರೆಗೆ ತಗಲುತ್ತದೆ, ದೂಡುವ ಬಲ ಅಲ್ಲಿ ಅತಿ ಕಡಿಮೆ ಎಂಬ ವಿವರಣೆ ಇದೆ. ನನ್ನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ಸಿಕ್ಕಿತು. ಸ್ಲಫ್‌ನಲ್ಲಿರುವುದೂ ಇದೇ ಸಕ್ಕರೆ, ಇದೇ ಫಾಸ್ಫೇಟು, ಇದೇ ನಾಲ್ಕು ಅಕ್ಷರ. ಕೆಲಸ ಮಾಡುತ್ತಿರುವುದು ಆಕಾರ.

ಬೆಂಗಳೂರಿಗೆ ಈ ವಿದ್ಯೆ ಹೊಸದೇನಲ್ಲ. ಎನ್‌ಸಿಬಿಎಸ್‌ನಲ್ಲಿದ್ದಾಗ ಯಮುನಾ ಕೃಷ್ಣನ್ ತಂಡ 2009ರಲ್ಲೇ ಜೀವಂತ ಕೋಶದೊಳಗೆ ಹೋಗಿ ಆಮ್ಲೀಯತೆಯನ್ನು ಅಳೆದು ಹೇಳುವ ಡಿಎನ್‌ಎ ಯಂತ್ರ ಮಾಡಿತ್ತು. ಆಕೆ ಈಗ ಶಿಕಾಗೋದಲ್ಲಿದ್ದಾರೆ.

ಜುಲೈ 2

ರೈಲಿನಲ್ಲಿ ಓದಿದ್ದು. ಇದಕ್ಕೆಲ್ಲ ಮೂಲಪುರುಷ ನೆಡ್ ಸೀಮನ್. ಹರಳುಗಳ ವಿಜ್ಞಾನಿ, ಅಣುಗಳನ್ನು ಹರಳಾಗಿ ಜೋಡಿಸಲಾಗದೆ ಬೇಸತ್ತಿದ್ದವನು. 1980ರಲ್ಲಿ ಆಲ್ಬನಿಯ ಕ್ಯಾಂಪಸ್ ಪಬ್‌ನಲ್ಲಿ ಕೂತಾಗ ಎಷರ್‌ನ ಒಂದು ಚಿತ್ರ ನೆನಪಾಯಿತಂತೆ: ಮೇಲೆ ಕೆಳಗೆ, ಹಿಂದೆ ಮುಂದೆ ಸಾಲುಸಾಲಾಗಿ ಈಜುವ ಮೀನುಗಳು. ಪ್ರತಿ ಮೀನೂ ಆರು ದಿಕ್ಕಿಗೆ ಕೈಚಾಚಿದ ಡಿಎನ್‌ಎ ಕೂಡುಗಂಟಿನ ಹಾಗೆ ಕಂಡಿತು. 1982ರಲ್ಲಿ ಆ ಯೋಚನೆಯನ್ನು ಪ್ರಕಟಿಸಿದ. 2006ರಲ್ಲಿ ಪಾಲ್ ರಾತ್‌ಮಂಡ್ ವೈರಸ್ಸೊಂದರ 7,000ಕ್ಕೂ ಹೆಚ್ಚು ಅಕ್ಷರಗಳ ಉದ್ದ ಎಳೆಯನ್ನು ಇನ್ನೂರಕ್ಕೂ ಹೆಚ್ಚು ಗಿಡ್ಡ ಎಳೆಗಳಿಂದ ಮಡಚಿ ನಗುಮುಖ ಮಾಡಿ ತೋರಿಸಿದ. ಸೀಮನ್ ತೀರಿಕೊಂಡದ್ದು 2021ರಲ್ಲಿ.

ಮತ್ತೆ ಮೀನು.

ಜುಲೈ 15

ನವಲಗುಂದದ ಕಡೆಯ ರೈತ, ವಯಸ್ಸು ಅರವತ್ತರ ಮೇಲೆ. ಶುಗರ್ ಬಹಳ ವರ್ಷದ್ದು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿಗೆ, ದಪ್ಪ ಗಂಟುಚರ್ಮ; ನಡುವೆ ತೂತು, ಕೀವು. ಗಂಟುಚರ್ಮವನ್ನು ಬ್ಲೇಡಿನಿಂದ ಹೆರೆಯುತ್ತ ಹೋದಾಗ ಏನೋ ಗಟ್ಟಿ ತಗಲಿತು. ತೆಗೆದು ಟ್ರೇಯಲ್ಲಿಟ್ಟೆ. ನೆಗ್ಗಿನ ಮುಳ್ಳು.

“ಯಾವಾಗ ಚುಚ್ಚಿತ್ರೀ ಯಜಮಾನ್ರ?”

“ಯಾವದ್ರೀ ಸಾಹೇಬ್ರ?”

ಟ್ರೇ ತೋರಿಸಿದೆ. ತನ್ನದಲ್ಲ ಎಂಬಂತೆ ನೋಡಿದರು. ಹೆಂಡತಿಯೇ ಬಾಯಿ ಬಿಟ್ಟರು: “ಹೊಲದಾಗ ಬರಿಗಾಲಿಲೆ ಅಡ್ಡಾಡಬ್ಯಾಡ್ರಿ ಅಂತ ಬಡಕೊಂಡ್ನಿ. ಕಾಲ್ಮರಿ ಮಣ್ಣಾಗ ಸಿಗತಾವಂತ!”

10 ಗ್ರಾಂ ಮೊನೊಫಿಲಮೆಂಟ್ ಒತ್ತಿ ನೋಡಿದೆ. ಅಂಗಾಲಿನಲ್ಲಿ ಎಲ್ಲಿಯೂ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿಸಿ ಎಲ್ಲಿ ಮುಟ್ಟಿದೆ ಅಂತ ಕೇಳಿದರೆ, “ಮುಟ್ರಿ ಮೊದಲ” ಅಂದರು. ಪಾದದ ನಾಡಿ ಚೆನ್ನಾಗಿದೆ, ಕಡ್ಡಿ ಹಾಕಿದರೆ ಎಲುಬಿಗೆ ತಗಲಲಿಲ್ಲ. ಅಷ್ಟು ಪುಣ್ಯ.

ಆ ಮುಳ್ಳನ್ನು ತೊಳೆದು ಸ್ವಲ್ಪ ಹೊತ್ತು ಕೈಯಲ್ಲಿ ತಿರುಗಿಸಿದೆ. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ನಿಲ್ಲುತ್ತದೆ. ನಾಲ್ಕು ಮೂಲೆಯ ಆಕೃತಿಯ ಗುಣವೇ ಅದು. ಹುಡುಗಿಯ ಟೆಟ್ರಾಹೆಡ್ರನ್ ಕೋಶದ ಪೊರೆಗೆ ಯಾವ ಕಡೆಯಿಂದ ಬಂದರೂ ಒಂದು ಮೂಲೆಯನ್ನು ಚಾಚಿಕೊಂಡೇ ಬರುತ್ತದಲ್ಲ, ಹಾಗೆ. ಫೋಟೋ ತೆಗೆದು ಅವಳಿಗೆ ಕಳಿಸಿದೆ.

ಜುಲೈ 22

ಚೆಂಗ್ಡುವಿನ ಸಿಚುವಾನ್ ವಿಶ್ವವಿದ್ಯಾಲಯದ ಲಿನ್ ಯುನ್‌ಫೆಂಗ್ ತಂಡದ ಲೇಖನಗಳು. ಮೂಲತಃ ದಂತವೈದ್ಯರು, ದವಡೆಯ ಎಲುಬು, ಮೃದ್ವಸ್ಥಿ, ಕಣ್ಣಿನ ಕಾರ್ನಿಯಾ, ನರ, ಎಲ್ಲದರ ಮೇಲೂ ಇದೇ ಟೆಟ್ರಾಹೆಡ್ರನ್ನನ್ನು ಪ್ರಯೋಗಿಸಿದ್ದಾರೆ. ಒಂದೇ ಗುಳಿಗೆಗೆ ನೂರು ರೋಗ ವಾಸಿ ಎಂದು ಯಾರಾದರೂ ಹೇಳಿದರೆ ನನ್ನ ಕೈ ಜೇಬಿಗೆ ಹೋಗುತ್ತದೆ, ಪಾಕೀಟು ಇದೆಯೋ ಇಲ್ಲವೋ ನೋಡಲು. ಆದರೂ ಓದಿದೆ.

2020ರಲ್ಲಿ ಎರಡು ಕೆಲಸ. ಒಂದು, ಚರ್ಮದ ಗಾಯ ಕಲೆ ಕಡಿಮೆಯಾಗಿ ಮಾಯುವುದು. ಇನ್ನೊಂದು ಸಕ್ಕರೆ ಕಾಯಿಲೆ ಬರಿಸಿದ ಇಲಿಗಳ ಗಾಯ. ವಿಶೇಷವೆಂದರೆ ಆಕೃತಿಯ ಒಳಗೆ ಬೇರೆ ಔಷಧ ತುಂಬಿರಲಿಲ್ಲ, ಬರೀ ಡಿಎನ್‌ಎ. ಅದು ಕೋಶದೊಳಗೆ ಹೋಗಿ ಎಕೆಟಿ ಎಂಬ ಸಂಕೇತದ ಹಾದಿಯನ್ನು ಎಬ್ಬಿಸುತ್ತದೆ. ಕೋಶ ಬೆಳೆಯುತ್ತದೆ, ಸರಿದು ಬರುತ್ತದೆ. ಹೆಚ್ಚಿನ ಸಕ್ಕರೆಯಿಂದ ಹುಟ್ಟುವ ಆಕ್ಸಿಡೀಕರಣದ ಪೆಟ್ಟನ್ನು ತಡೆಯುವ ಕಿಣ್ವಗಳು ಹೆಚ್ಚುತ್ತವೆ. ಹೊಸ ರಕ್ತನಾಳ ಬೇಗ ಮೂಡುತ್ತದೆ. ನಮ್ಮ ಹುಣ್ಣುಗಳಿಗೆ ಬೇಕಾದದ್ದು ಇದೇ. ಅವು ಉರಿಯೂತದ ಘಟ್ಟದಲ್ಲೇ ತಿಂಗಳುಗಟ್ಟಲೆ ಸಿಕ್ಕಿಬಿದ್ದಿರುತ್ತವೆ, ಮುಂದಿನ ಘಟ್ಟಕ್ಕೆ ದಾಟುವುದೇ ಇಲ್ಲ.

ಆದರೆ ಇಲಿಯ ಬೆನ್ನು. ಇಲಿಯ ಚರ್ಮದಡಿ ತೆಳ್ಳನೆ ಸ್ನಾಯುವಿನ ಹಾಸು ಇದೆ, ಗಾಯವಾದರೆ ಅದು ಸುತ್ತಲಿನ ಚರ್ಮವನ್ನು ಎಳೆದು ಮುಚ್ಚಿಬಿಡುತ್ತದೆ. ನಮ್ಮ ಅಂಗಾಲಿನಲ್ಲಿ ಚರ್ಮ ಎಲ್ಲಿಂದ ಬರಬೇಕು? ಅಂಚಿನಿಂದ ಹೊಸ ಪೊರೆ ತೆವಳಿಕೊಂಡು ಬರಬೇಕು, ತಳದಿಂದ ಕೆಂಪು ಮಾಂಸ ಏಳಬೇಕು. ಇಲಿಯ ಗಾಯದ ಸುತ್ತ ಸಿಲಿಕೋನ್ ರಿಂಗ್ ಹೊಲಿದು ಆ ಎಳೆತವನ್ನು ತಡೆಯುವ ಪದ್ಧತಿಯಿದೆ. ಅಷ್ಟು ಮಾಡಿದರೂ ಇಲಿ ತನ್ನ ಬೆನ್ನಿನ ಮೇಲೆ ನಡೆಯುವುದಿಲ್ಲವಲ್ಲ. ನವಲಗುಂದದ ಯಜಮಾನರು ಹುಣ್ಣಿನ ಮೇಲೇ ಕಾಲೂರಿ ಬಸ್ ಹತ್ತಿ ಬಂದರು.

ಜುಲೈ 28

ಮನುಷ್ಯರ ಮೇಲೆ ನಡೆದ ಪರೀಕ್ಷೆ ಇರುವುದು ಮೀನಿನ ಡಿಎನ್‌ಎಗೆ. ಇದು ಆಕೃತಿಯಲ್ಲ, ಆ ಜಾತಿಯ ನೆಂಟ ಅನ್ನಬಹುದು: ಸಾಲ್ಮನ್, ಟ್ರೌಟ್ ಮೀನುಗಳ ವೀರ್ಯದಿಂದ ತೆಗೆದು ಶುದ್ಧ ಮಾಡಿದ ತುಂಡುಗಳು, ಪಿಡಿಆರ್‌ಎನ್ ಅನ್ನುತ್ತಾರೆ. ಎ2ಎ ಎಂಬ ಅಡಿನೋಸಿನ್ ಗ್ರಾಹಕವನ್ನು ಎಬ್ಬಿಸುತ್ತದೆ; ಜೊತೆಗೆ ಚೂರಾದ ಅಕ್ಷರಗಳನ್ನು ಕೋಶ ತನ್ನ ಹೊಸ ಡಿಎನ್‌ಎ ಕಟ್ಟಲು ಬಳಸಿಕೊಳ್ಳುತ್ತದೆ. ಇಟಲಿಯವರು 216 ಸಕ್ಕರೆ ರೋಗಿಗಳ ಪಾದದ ಹುಣ್ಣಿಗೆ ಎಂಟು ವಾರ ಚುಚ್ಚಿ, 2014ರಲ್ಲಿ ಪ್ರಕಟಿಸಿದರು. ಪೂರ್ತಿ ಮಾಯ್ದದ್ದು ಔಷಧದ ಗುಂಪಿನಲ್ಲಿ ನೂರಕ್ಕೆ 37.3, ಬರೀ ನೀರಿನಂಥದ್ದು ಪಡೆದವರಲ್ಲಿ 18.9. ಎರಡರಷ್ಟು. ಕಮ್ಮಿಯೇನಲ್ಲ.

ಅದೇ ಪದಾರ್ಥ ಈಗ ಕೊರಿಯಾದ ದಾರಿಯಲ್ಲಿ ಬೆಂಗಳೂರಿನ ಬ್ಯೂಟಿ ಕ್ಲಿನಿಕ್ಕುಗಳಿಗೆ ಬಂದಿದೆ, ಸಾಲ್ಮನ್ ಫೇಶಿಯಲ್ ಅಂತ. ಮೀಷರನ ಮೀನು ಹೀಗೆ ಮುಖಕ್ಕೆ ಹತ್ತಿತು.

ಇನ್ನೊಂದು ಅಂಕಿಯನ್ನೂ ಪಕ್ಕದಲ್ಲಿ ಬರೆದಿಡುತ್ತೇನೆ. 2001ರ ಅಮೆರಿಕದ ಅಧ್ಯಯನ: ಪಾದಕ್ಕೆ ಮೈಗೆ ಮೈ ಕೂಡುವ ಹಾಗೆ ಪ್ಲಾಸ್ಟರ್ ಕಟ್ಟಿ ಹುಣ್ಣಿನ ಮೇಲಿನ ಭಾರ ತಪ್ಪಿಸಿದರೆ, 12 ವಾರಗಳಲ್ಲಿ ಮಾಯ್ದದ್ದು ನೂರಕ್ಕೆ 89.5. ತೆಗೆದುಹಾಕಲು ಬರುವ ಬೂಟು ಕೊಟ್ಟವರಲ್ಲಿ 65. ತೆಗೆಯಲು ಬಂದರೆ ಜನ ತೆಗೆದೇ ತೆಗೆಯುತ್ತಾರೆ. ಎರಡು ಅಧ್ಯಯನಗಳ ರೋಗಿಗಳು ಬೇರೆ, ಅವಧಿ ಬೇರೆ, ಅಂಕಿಗಳನ್ನು ಎದುರುಬದುರು ನಿಲ್ಲಿಸುವುದು ನ್ಯಾಯವಲ್ಲ. ಆದರೂ ಪ್ಲಾಸ್ಟರಿಗೆ ಪತ್ರಿಕೆಗಳಲ್ಲಿ ಫೋಟೋ ಬರುವುದಿಲ್ಲ ಎಂಬುದು ನನ್ನ ಹಳೇ ತಕರಾರು.

ಆಗಸ್ಟ್ 10

ಪಂಚಮಿಯ ಉಂಡಿ ತಿಂದವರ ಶುಗರ್ ಎಲ್ಲ ಇವತ್ತು ಒಪಿಡಿಯಲ್ಲಿ.

ಎಥಿಕ್ಸ್ ಕಮಿಟಿಯ ಒಪ್ಪಿಗೆ ಬಂದಿದೆ. ಹುಡುಗಿಗೆ ಬೇಕಾದದ್ದು ನಿಜವಾದ ಹುಣ್ಣಿನ ರಸ. ಅದರಲ್ಲಿ ತನ್ನ ಆಕೃತಿಗಳು ಎಷ್ಟು ಹೊತ್ತು ಬಾಳುತ್ತವೆ ನೋಡಬೇಕು. ಡ್ರೆಸಿಂಗ್ ಬದಲಿಸುವಾಗ ಹೇಗೂ ಬಿಸಾಕುವ ಗಾಜ್ ಬಟ್ಟೆಯಿಂದಲೇ ತೆಗೆಯುವುದು. ಟ್ಯೂಬಿಂಗನ್‌ನಲ್ಲಿ ಯಾರ ಸಹಿಯನ್ನೂ ಕೇಳಿರಲಿಲ್ಲ, ಇಲ್ಲಿ ನಾಲ್ಕು ಪುಟದ ಫಾರಂ. ಕಮಿಟಿಯಲ್ಲಿದ್ದ ವಕೀಲರು ಕನ್ನಡ ಫಾರಂ ಓದಿ, “ಇದು ನನಗs ತಿಳೀಲಿಲ್ಲ” ಅಂದದ್ದರಿಂದ ಮತ್ತೆ ಬರೆದೆ.

ನವಲಗುಂದದವರಿಗೆ ಕೂಡಿಸಿಕೊಂಡು ಹೇಳಿದೆ.

“ನನ್ನ ಕೀವು ಬೆಂಗಳೂರಿಗೆ ಹೋಗಿ ಏನ ಮಾಡತೈತ್ರೀ?”

“ಅಲ್ಲೊಂದು ಔಷಧ ತಯಾರ ಮಾಡಾಕತ್ತಾರ್ರೀ. ಕೀವಿನೊಳಗ ಅದು ಉಳೀತೈತೋ ಕರಗತೈತೋ ನೋಡತಾರ.”

“ಉಳದರ ನನಗ ಕೊಡತೀರೇನು?”

“ಇಲ್ಲರೀ. ಇನ್ನೂ ಇಲಿ ಮ್ಯಾಲ ನಡದೈತಿ. ನಿಮಗ ಇದರಿಂದ ಏನೂ ಲಾಭಿಲ್ಲ.”

ಅವರ ಹೆಂಡತಿ ದುಡ್ಡು ಕೊಡಬೇಕೇನು ಅಂತ ಕೇಳಿದರು. ಇಲ್ಲ ಅಂದೆ. “ಹಂಗಾರ ಒಯ್ರಿ, ಮನ್ಯಾಗ ಇಟಕೊಂಡ ಏನ ಮಾಡೂದೈತಿ” ಅಂದರು. ಯಜಮಾನರು ಸಹಿ ಮಾಡಿದ್ದು ಮಾತ್ರ ಫಾರಂ ಪೂರ್ತಿ ಓದಿಸಿಕೊಂಡ ಮೇಲೆಯೇ, ಅದೂ ಎರಡನೇ ಪುಟವನ್ನು ಮತ್ತೊಮ್ಮೆ.

ಸೋಂಕು ಇಳಿದಿದೆ. ಮುಂದಿನ ವಾರ ಪ್ಲಾಸ್ಟರ್.

ಆಗಸ್ಟ್ 24

ಜೆಲ್ಲಿನ ಫೋಟೋಗಳು ಬಂದವು. ರಕ್ತದ ಸೀರಂ ಬೆರೆಸಿದಾಗ ಟೆಟ್ರಾಹೆಡ್ರನ್ ಸಾದಾ ಡಿಎನ್‌ಎಗಿಂತ ಬಹಳ ಹೆಚ್ಚು ಹೊತ್ತು ತಡೆಯುತ್ತದೆ, ಇದು ಮೊದಲೇ ಗೊತ್ತಿದ್ದದ್ದು. ಮೂಲೆಗಳಲ್ಲಿ, ಬಿಗಿಯಾದ ಅಂಚುಗಳಲ್ಲಿ ಕಿಣ್ವಕ್ಕೆ ಹಿಡಿ ಸಿಗುವುದಿಲ್ಲ. ಹುಣ್ಣಿನ ರಸದಲ್ಲಿ ಕತೆ ಬೇರೆ. ಜೂನ್‌ನಲ್ಲಿ ನಾನು ಕಂಡ ಗೆರೆ ಇಲ್ಲಿ ಉದ್ದಕ್ಕೂ ಕದಡಿಹೋಗಿದೆ. ಒಬ್ಬ ರೋಗಿಯ ರಸದಲ್ಲಿ ಬೇಗ, ಇನ್ನೊಬ್ಬರದರಲ್ಲಿ ನಿಧಾನ. ಹುಡುಗಿ ಮಂಕಾಗಿದ್ದಳು.

ನನಗೆ ಅಚ್ಚರಿಯಾಗಲಿಲ್ಲ. ಹುಣ್ಣಿನ ರಸದಲ್ಲಿ ರೋಗಾಣುಗಳ ಕಿಣ್ವವೂ ಇದೆ, ದೇಹದ್ದೂ ಇದೆ. ಬೆಳವಣಿಗೆಯ ಪ್ರೋಟೀನ್ ಜೆಲ್‌ಗಳ ಪಾಡೂ ಇದೇ ಆಗಿತ್ತು. ಪಿಡಿಜಿಎಫ್ ಜೆಲ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1997ರಲ್ಲಿ, ಎಷ್ಟೋ ಹುಣ್ಣುಗಳಲ್ಲಿ ಅದನ್ನು ಪ್ರೋಟೀನ್ ಕತ್ತರಿಸುವ ಕಿಣ್ವಗಳೇ ತಿಂದು ಮುಗಿಸುತ್ತವೆ. ಅವಳ ಮುಂದೆ ಎರಡು ದಾರಿ ಇವೆ. ಲೈಸಿನ್ ಸರಪಳಿಗೆ ಪಿಇಜಿ ಎಂಬ ಪಾಲಿಮರ್ ಅಂಟಿಸಿ ಆಕೃತಿಗೆ ಲೇಪ ಕೊಡುವುದು ಒಂದು. ಇನ್ನೊಂದು, ಡಿಎನ್‌ಎಯನ್ನೇ ಜೆಲ್ ಮಾಡಿ ಗಾಯದಲ್ಲಿ ತುಂಬಿ ಅದು ನಿಧಾನಕ್ಕೆ ಕರಗಲಿ ಅಂತ ಬಿಡುವುದು. ಕಾರ್ನೆಲ್‌ನ ಡಾನ್ ಲುವೋ ತಂಡ 2006ರಲ್ಲಿ ಅಂಥ ಜೆಲ್ ಮಾಡಿದೆ. ಖರ್ಚಿನ ಮಾತು ಬಂತು. ಮ್ಯೂನಿಕ್‌ನ ಡೀಟ್ಸ್ ತಂಡ 2017ರಲ್ಲಿ ಎಳೆಗಳನ್ನು ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ಅಗ್ಗ ಮಾಡುವ ದಾರಿ ತೋರಿಸಿದೆ, ಅಂದಳು. ಇರಲಿ.

ನಾನು ಹೇಳಿದ್ದು ಬೇರೆ. ಸ್ಲಫ್ ಕರಗಿಸಲೆಂದು ಡಿಎನ್‌ಏಸ್ ಹಾಕಿದರೆ ಅದು ನಿನ್ನ ಔಷಧವನ್ನೂ ತಿನ್ನುತ್ತದೆ. ಸ್ಲಫ್ ಬಿಟ್ಟು ಮೇಲೆ ಔಷಧ ಹಾಕಿದರೆ ಅದು ಕೋಶಕ್ಕೆ ಮುಟ್ಟುವುದೇ ಇಲ್ಲ. ಹಾಗಾಗಿ ಮೊದಲು ಬ್ಲೇಡು, ತಳ ಕೆಂಪಗೆ ರಕ್ತ ಜಿನುಗುವ ತನಕ. ಆಮೇಲೆ ತೊಳೆಯುವುದು. ನಿನ್ನ ಸರದಿ ಅದರ ನಂತರ. “ಪೇಪರ್‌ನ್ಯಾಗ ಯಾರೂ ಹಿಂಗ ಬರೆದಿಲ್ಲ, ಕಾಕಾ” ಅಂದಳು. ಇಲಿಯ ಹೊಸ ಗಾಯದಲ್ಲಿ ಸ್ಲಫ್ ಎಲ್ಲಿರುತ್ತದೆ ಬರೆಯಲು?

ಸೆಪ್ಟೆಂಬರ್ 12

ಗಣಪತಿಯ ಡೊಳ್ಳು, ಡಿಜೆ, ಒಂದೂ ಕಿವಿಗೆ ಬೀಳದ ಹಾಗೆ ಬಾಗಿಲು ಹಾಕಿಕೊಂಡು ಅವಳ ಪ್ರಾಜೆಕ್ಟಿನ ಅರ್ಜಿ ತಿದ್ದಿದೆ. ಐಸಿಎಂಆರ್‌ನ 2023ರ ಅಂಕಿಯಿಂದ ಶುರುಮಾಡಿದ್ದಳು, ದೇಶದಲ್ಲಿ 10.1 ಕೋಟಿ ಸಕ್ಕರೆ ರೋಗಿಗಳು ಅಂತ. ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ. ಹೊಡೆದುಹಾಕಿ, ಈ ಔಷಧ ಯಾವ ಹುಣ್ಣಿಗೆ ಎಂದು ಬರೆಸಿದೆ: ನಾಡಿ ಇರಬೇಕು, ಎಲುಬಿಗೆ ಸೋಂಕು ಇರಕೂಡದು, ಬ್ಲೇಡಿನಿಂದ ಶುದ್ಧವಾಗಿರಬೇಕು, ಪ್ಲಾಸ್ಟರಿನಲ್ಲಿ ಭಾರ ತಪ್ಪಿಸಿ ತಿಂಗಳಾಗಿರಬೇಕು, ಆದರೂ ಅರ್ಧದಷ್ಟೂ ಕುಗ್ಗದ ಹುಣ್ಣು. ನವಲಗುಂದದ ಯಜಮಾನರದು ಈ ಪಟ್ಟಿಯಲ್ಲಿ ಬರುವುದಿಲ್ಲ, ಅದು ಪ್ಲಾಸ್ಟರಿಗೇ ಒಪ್ಪಿಕೊಂಡು ಅಂಚಿನಿಂದ ಮುಚ್ಚುತ್ತ ಬಂದಿದೆ. ಅವರಿಗೆ ಬೇಕಾದದ್ದು ಎಂಸಿಆರ್ ಎಂಬ ಮೆದು ರಬ್ಬರಿನ ಚಪ್ಪಲಿ, ಹೊಲದಲ್ಲೂ ಅದನ್ನು ಹಾಕಿಕೊಳ್ಳುವ ಬುದ್ಧಿ.

“ಹಂಗಾದ್ರ ನಮ್ಮ ಔಷಧ ಬೇಕಾಗೋ ಮಂದಿ ಎಷ್ಟು ಇರ್ತಾರ, ಕಾಕಾ?”

ಒಳ್ಳೆಯ ಪ್ರಶ್ನೆ. ಅಂದಾಜಿನ ಉತ್ತರ ಕೊಡಲು ಮನಸ್ಸಾಗಲಿಲ್ಲ. ಹಬ್ಬದ ಗದ್ದಲ ಮುಗಿಯಲಿ, ಡ್ರೆಸಿಂಗ್ ರೂಮಿನ ಹಳೇ ರಿಜಿಸ್ಟರುಗಳನ್ನು ಕಪಾಟಿನಿಂದ ಇಳಿಸಿಡಲು ಸಿಸ್ಟರ್‌ಗೆ ಹೇಳಿದ್ದೇನೆ. ಪ್ಲಾಸ್ಟರ್ ಕಟ್ಟಿಸಿಕೊಂಡು ಮತ್ತೆ ಮತ್ತೆ ಬಂದವರ ಹೆಸರುಗಳನ್ನು ಒಂದೊಂದಾಗಿ ತೆಗೆಯಬೇಕು. ಬಾರದೇ ಉಳಿದವರದನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಬೇಕು. ಅವರಲ್ಲಿ ಮಾಯ್ದವರು ಯಾರು, ಬೇರೆ ಕಡೆ ಹೋಗಿ ಕಾಲು ತೆಗೆಸಿಕೊಂಡವರು ಯಾರು ಎಂದು ಫೋನ್ ಮಾಡಿಯೇ ಕೇಳಬೇಕಾದೀತು.